ಸಿಸ್ಟಮ್‌ಡಿ ಆಟೊಮೌಂಟ್: ಕಾಯುವುದು ಗೊತ್ತು, ಕಾರಣ ಹೇಳುವುದು ಗೊತ್ತಿಲ್ಲ

ಮೈಸೂರಿನ ಅಗ್ರಹಾರದಲ್ಲಿ ನಮ್ಮ ಪ್ರಿಂಟಿಂಗ್ ಆಫೀಸು. ಕಂಪ್ಯೂಟರ್‌ಗಳೆಲ್ಲ ಲಿನಕ್ಸ್. ಲಗ್ನಪತ್ರಿಕೆ, ಬ್ಯಾನರ್ ಫೈಲ್‌ಗಳೆಲ್ಲ ಒಂದೇ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಫೈಲ್ ಹಂಚುವ) ಸರ್ವರ್‌ನಲ್ಲಿವೆ. ಅದನ್ನು ಕೆಲವು ವರ್ಷಗಳಿಂದ ಸಿಸ್ಟಮ್‌ಡಿ ಆಟೊಮೌಂಟ್ ಮೂಲಕವೇ ಜೋಡಿಸಿದ್ದೇನೆ. ಸಿಸ್ಟಮ್‌ಡಿ ಅಂದರೆ ಲಿನಕ್ಸ್‌ನ ಬೂಟ್, ಸರ್ವಿಸ್‌ಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ; ಅದರ ಆಟೊಮೌಂಟ್, ಫೋಲ್ಡರ್ ತೆರೆದಾಗಲೇ ಅದನ್ನು ಜೋಡಿಸುತ್ತದೆ.

ಬೆಳಿಗ್ಗೆ ಮೇನ್ ಸ್ವಿಚ್ ಹಾಕಿದರೆ ಎಲ್ಲ ಮೆಷೀನೂ ಒಟ್ಟಿಗೆ ಏಳುತ್ತವೆ. ಸರ್ವರ್ ಮಾತ್ರ ನಿಧಾನ. ಆದರೂ ಯಾವ ಮೆಷೀನೂ ಅದಕ್ಕಾಗಿ ಬೂಟ್ ಮಧ್ಯೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ಹುಡುಗರು ದೇವರ ಫೋಟೋಗೆ ಹೂವಿಟ್ಟು, ಕಾಫಿ ಮುಗಿಸಿ ಬಂದು ‘ಕೆಲಸ’ ಫೋಲ್ಡರ್ ಒತ್ತುತ್ತಾರೆ. ಮೌಂಟ್, ಅಂದರೆ ಸರ್ವರ್ ಫೋಲ್ಡರ್‌ನ ಜೋಡಣೆ, ಆಗುವುದೇ ಆಗ. ಕರ್ಸರ್ ಸ್ವಲ್ಪ ತಿರುಗುತ್ತದೆ, ಫೈಲ್‌ಗಳು ಬರುತ್ತವೆ. ಎಫ್‌ಎಸ್‌ಟ್ಯಾಬ್ ಎಂಬ ಮೌಂಟ್ ಪಟ್ಟಿಯ ಫೈಲ್‌ನ ಒಂದು ಸಾಲಿಗೆ ಇಷ್ಟು ಕೆಲಸ! ಬೇರೆ ಸಾಫ್ಟ್‌ವೇರ್‌ಗೆ ದುಡ್ಡೂ ಕೊಡಬೇಕಿಲ್ಲ.

ಕರೆಂಟ್ ಹೋಗಿ ಬಂದ ದಿನ ಮಾತ್ರ ಕಥೆ ಬೇರೆ. ಸರ್ವರ್ ಎದ್ದಿರುತ್ತದೆ, ಆದರೆ ಅದರ ಡೇಟಾ ಡಿಸ್ಕ್ ಇನ್ನೂ ತಯಾರಾಗಿರುವುದಿಲ್ಲ. ಕೇಳಿದ ತಕ್ಷಣ ‘ಆಗಲ್ಲ’ ಅನ್ನುತ್ತದೆ. ಅವಸರದಲ್ಲಿರುವವರು ಮತ್ತೆ ಮತ್ತೆ ಕ್ಲಿಕ್ ಮಾಡುತ್ತಾರೆ, ಅಲ್ವಾ? ಮೌಂಟ್ ಪ್ರಯತ್ನಕ್ಕೆ ಡೀಫಾಲ್ಟ್ ಮಿತಿ 10 ಸೆಕೆಂಡಿಗೆ 5 ಸಲ. ಅದು ದಾಟಿದರೆ ಆಟೊಮೌಂಟ್ ಪೂರ್ತಿ ಕೈಬಿಡುತ್ತದೆ. ಆಮೇಲೆ ಸರ್ವರ್ ಸರಿಯಾದರೂ ತಾನಾಗಿ ಏಳುವುದಿಲ್ಲ. ಆಗ ಕಾಣುವುದು ಖಾಲಿ ಫೋಲ್ಡರ್!

‘ಸಾರ್, ಫೈಲೆಲ್ಲ ಹೋಯ್ತು’ ಅಂತ ದಸರಾ ಬ್ಯಾನರ್ ಮಾಡುತ್ತಿದ್ದ ಹುಡುಗಿ ಗಾಬರಿಯಿಂದ ಓಡಿಬಂದಿದ್ದಳು. ಪರದೆಯ ಮೇಲೆ ಒಂದಕ್ಷರದ ಎಚ್ಚರಿಕೆಯೂ ಇರಲಿಲ್ಲ. ಕಾರಣವೆಲ್ಲ ಜರ್ನಲ್‌ನಲ್ಲಿ (ಸಿಸ್ಟಮ್‌ಡಿಯ ಲಾಗ್‌ನಲ್ಲಿ) ಬಿದ್ದಿತ್ತು, ಅದನ್ನು ಅವಳು ಎಲ್ಲಿ ನೋಡಬೇಕು? ಖಾಲಿ ಫೋಲ್ಡರ್ ರೂಟ್ (ಅಡ್ಮಿನ್) ಹೆಸರಿನಲ್ಲಿರುವುದರಿಂದ ಅದರೊಳಗೆ ಯಾರೂ ಏನೂ ಸೇವ್ ಮಾಡುವಂತಿಲ್ಲ, ಅಷ್ಟು ಪುಣ್ಯ. ಇದು ಸಣ್ಣ ತಪ್ಪಲ್ಲ. ಸುಮ್ನೆ ಖಾಲಿ ತೋರಿಸುವ ಬದಲು ‘ಸರ್ವರ್ ಸಿಗುತ್ತಿಲ್ಲ’ ಅಂದರೆ ಸಾಕಿತ್ತು.

ಈಗ ಆ ಮೌಂಟ್ ಯೂನಿಟ್‌ಗೆ (ಈ ಮೌಂಟ್‌ಗೆಂದು ಸಿಸ್ಟಮ್‌ಡಿ ಇಟ್ಟುಕೊಳ್ಳುವ ಸೆಟ್ಟಿಂಗ್‌ಗೆ) ಒಂದು ಡ್ರಾಪ್-ಇನ್, ಅಂದರೆ ಹೆಚ್ಚುವರಿ ಸೆಟ್ಟಿಂಗ್ ಫೈಲ್ ಹಾಕಿ, ಆ ಮಿತಿಯ ಅವಧಿಯಾದ ಸ್ಟಾರ್ಟ್‌ಲಿಮಿಟ್‌ಇಂಟರ್ವಲ್‌ಸೆಕ್ ಅನ್ನು 0 ಮಾಡಿದ್ದೇನೆ, ಅಂದರೆ ಮಿತಿಯೇ ಇಲ್ಲ. ಎಷ್ಟು ಸಲ ಒತ್ತಿದರೂ ಅದು ಸೋಲೊಪ್ಪುವುದಿಲ್ಲ.

ನಮ್ಮಂಥ ನಾಲ್ಕೈದು ಮೆಷೀನ್‌ಗಳ ಆಫೀಸಿಗೆ ಇದೇ ಸಾಕು. ಕಾಲೇಜು ಲ್ಯಾಬ್‌ನಂತೆ ಒಬ್ಬೊಬ್ಬರಿಗೂ ಬೇರೆ ಹೋಮ್ ಫೋಲ್ಡರ್ ಬೇಕಿದ್ದರೆ ಇದೇ ಕೆಲಸದ ಬೇರೆ ಪ್ರೋಗ್ರಾಂ ಆಟೊಎಫ್‌ಎಸ್ ಹಾಕಿಕೊಳ್ಳಿ. ಅಲ್ಲಿ ನಕ್ಷತ್ರ ಚಿಹ್ನೆಯ ಒಂದೇ ಸಾಲು ಎಲ್ಲರಿಗೂ ಆಗುತ್ತದೆ, ಇಲ್ಲಿ ಒಂದೊಂದಕ್ಕೂ ಒಂದೊಂದು ಸಾಲು ಬರೆಯಬೇಕು.