ಬೀಗ ಹಾಕಿದ ಮೇಲೂ ಓಡುವ ಮೀಟರು: 9,000 ಚದರಡಿ ವಿಲ್ಲಾದ ವಿಮರ್ಶೆ

ಮನೆಗೆ ಬೀಗ ಬಿದ್ದಿದೆ, ಮಾಲೀಕರು ವಿದೇಶದಲ್ಲಿದ್ದಾರೆ ಅಂತಿಟ್ಟುಕೊಳ್ಳಿ. ತಿಂಗಳಿಡೀ ಯಾರೂ ಒಂದು ಲೈಟು ಹಾಕಿಲ್ಲ, ಒಂದು ನಲ್ಲಿ ತಿರುಗಿಸಿಲ್ಲ. ಆದರೂ ಬೆಸ್ಕಾಂ ಬಿಲ್ಲು ಬರುತ್ತದೆ. 2025-26ರ ದರದಲ್ಲಿ ಮನೆ ಬಳಕೆಯ ನಿಗದಿತ ಶುಲ್ಕ ಕಿಲೋವಾಟ್‌ಗೆ 145 ರೂಪಾಯಿ. 40 ಕಿಲೋವಾಟ್ ಮಂಜೂರಾತಿ ಇದ್ದರೆ 5,800 ಅಲ್ಲಿಗೇ ಹೋಯಿತು. ಬಡಾವಣೆಯ ನಿರ್ವಹಣಾ ಶುಲ್ಕ ಚದರಡಿಗೆ 5 ರೂಪಾಯಿಯಂತೆ ಹಿಡಿದರೆ 45,000. ಸಂಘದ ವಾರ್ಷಿಕ ವಹಿವಾಟು 20 ಲಕ್ಷ ದಾಟಿ, ಸದಸ್ಯರೊಬ್ಬರ ತಿಂಗಳ ಶುಲ್ಕ 7,500 ಮೀರಿದರೆ, 2019ರ ಸುತ್ತೋಲೆಯಂತೆ ಪೂರ್ತಿ ಮೊತ್ತದ ಮೇಲೆ ಶೇ 18 ಜಿಎಸ್‌ಟಿ. ಅದು 8,100. ಎಲ್ಲ ಸೇರಿ 58,900 ರೂಪಾಯಿ, ಯಾರೂ ಒಳಗೆ ಕಾಲಿಡದ ಮನೆಗೆ.

ಇಲ್ಲಿ ನೋಡುತ್ತಿರುವುದು ಯಾವುದೋ ಒಬ್ಬ ಬಿಲ್ಡರ್‌ನ ಮನೆಯನ್ನಲ್ಲ. ಸರ್ಜಾಪುರ, ವೈಟ್‌ಫೀಲ್ಡ್, ದೇವನಹಳ್ಳಿ ಕಡೆ ಈಗ ಮಾರಾಟವಾಗುತ್ತಿರುವ ಒಂದು ಅಚ್ಚನ್ನು: ಬೇಸ್‌ಮೆಂಟ್, ಅದರ ಮೇಲೆ ಮೂರು ಮಹಡಿ, ಲಿಫ್ಟ್, ಹತ್ತು ಮೀಟರ್ ಉದ್ದದ ಈಜುಕೊಳ, ಇಟಾಲಿಯನ್ ಮಾರ್ಬಲ್, ಒಂದೇ ಹೊರಘಟಕದಿಂದ ಹಲವು ಕೋಣೆ ತಂಪು ಮಾಡುವ ವಿಆರ್‌ಎಫ್ ಎಸಿ, ಹೋಮ್ ಆಟೊಮೇಷನ್. ನೋಂದಣಿಯ ಖರ್ಚು ಎಲ್ಲರಿಗೂ ಗೊತ್ತಿರುವುದೇ; 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2 ಆದ ಮೇಲೆ ಮುದ್ರಾಂಕ, ಸೆಸ್ಸು ಸೇರಿ ಶೇ 7.6ರ ಸುಮಾರು. ಹತ್ತು ಕೋಟಿಯ ಮನೆಗೆ 76 ಲಕ್ಷ. ಅದು ಒಂದು ಸಲದ ಏಟು, ಮೊದಲೇ ಲೆಕ್ಕಕ್ಕೆ ಸಿಗುತ್ತದೆ. ಲೆಕ್ಕಕ್ಕೆ ಸಿಗದೆ ಕಾಡುವುದು ಬಳಸದೆ ಕೆಡುವ ಸಾಮಾನು.

ಈಜುಕೊಳದಿಂದ ಶುರು ಮಾಡೋಣ. ಮನೆಯಲ್ಲಿ ಅತಿ ಕಡಿಮೆ ಬಳಕೆಯಾಗುವುದೂ ಅದೇ, ಅತಿ ಹೆಚ್ಚು ಕೇಳುವುದೂ ಅದೇ. 10×4 ಮೀಟರ್, ಸರಾಸರಿ 1.3 ಮೀಟರ್ ಆಳ ಎಂದರೆ 52,000 ಲೀಟರ್ ನೀರು. ಯಾರೂ ಇಳಿಯದಿದ್ದರೂ ದಿನಕ್ಕೆ ಆರು ಗಂಟೆಯಾದರೂ ಪಂಪ್ ಓಡಬೇಕು, ಇಲ್ಲದಿದ್ದರೆ ಬೇಸಿಗೆಯಲ್ಲಿ ಕೆಲವೇ ದಿನಕ್ಕೆ ಪಾಚಿ. ಒಂದೂವರೆ ಎಚ್‌ಪಿ ಪಂಪಿಗೆ ತಿಂಗಳಿಗೆ ಸುಮಾರು 200 ಯೂನಿಟ್, ತೆರಿಗೆ ಸೇರಿ 1,350 ರೂಪಾಯಿಯ ಆಸುಪಾಸು. ಇದು ದೊಡ್ಡ ಮೊತ್ತವಲ್ಲ. ದೊಡ್ಡದು ನೀರು.

ಹೆಚ್ಚಿನ ಕಡೆ ಪೂಲ್ ಹುಡುಗರು ಟಿಸಿಸಿಎ ಎಂಬ ಕ್ಲೋರಿನ್ ಮಾತ್ರೆಯನ್ನು ಫ್ಲೋಟರ್‌ಗೆ ಹಾಕಿ ಬಿಟ್ಟು ಹೋಗುತ್ತಾರೆ. ಸುಲಭದ ಕೆಲಸ. ಆದರೆ ಆ ಮಾತ್ರೆ 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಕ್ಲೋರಿನ್ ಕೊಟ್ಟಾಗಲೆಲ್ಲ ನೀರಿನಲ್ಲಿ 6 ಪಿಪಿಎಂ ಸಯನೂರಿಕ್ ಆಮ್ಲ ಉಳಿಸುತ್ತದೆ. ದಿನಕ್ಕೆ 2 ಪಿಪಿಎಂ ಕ್ಲೋರಿನ್ ಎಂದರೂ ತಿಂಗಳಿಗೆ 36 ಪಿಪಿಎಂ ಆಮ್ಲ. ಮೂರನೇ ತಿಂಗಳ ಕೊನೆಗೆ 100 ದಾಟುತ್ತದೆ. ಆಮೇಲೆ ಆ ಆಮ್ಲ ಕ್ಲೋರಿನ್ನಿನ ಕೈ ಕಟ್ಟುತ್ತದೆ: ಟೆಸ್ಟ್ ಕಿಟ್‌ನಲ್ಲಿ ಕ್ಲೋರಿನ್ ಸರಿಯಾಗಿಯೇ ತೋರಿಸುತ್ತದೆ, ಪಾಚಿ ಮಾತ್ರ ಹೋಗುವುದಿಲ್ಲ. ‘ಮಾತ್ರೆ ಸಾಲದು ಸಾರ್, ಇನ್ನೆರಡು ಹಾಕ್ತೀನಿ’ ಎನ್ನುವುದು ಬೆಂಕಿಗೆ ತುಪ್ಪ ಸುರಿದ ಹಾಗೆ. ಆ ಆಮ್ಲ ತಾನಾಗಿ ಆರುವುದಿಲ್ಲ. ಅರ್ಧ ನೀರು ಚೆಲ್ಲಿ ಹೊಸದು ತುಂಬುವುದೇ ಸರಿಯಾದ ದಾರಿ. 26,000 ಲೀಟರ್, ಅಂದರೆ 12,000 ಲೀಟರಿನ ಎರಡು ಟ್ಯಾಂಕರ್ ತರಿಸಿದರೂ ಇನ್ನಷ್ಟು ಬೇಕು. 2024ರಲ್ಲಿ ಬೆಂಗಳೂರು ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ ದರ ಕಟ್ಟಿತ್ತು. ಏಪ್ರಿಲ್‌ನಲ್ಲಿ ಆ ದರಕ್ಕೆ ಟ್ಯಾಂಕರ್ ಬಂದರೆ ನಿಮ್ಮ ಪುಣ್ಯ. ಆ ವರ್ಷದ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಈಜುಕೊಳಕ್ಕೆ ಬಿಡುವುದನ್ನೇ ಜಲಮಂಡಳಿ ನಿಷೇಧಿಸಿ, 5,000 ರೂಪಾಯಿ ದಂಡ ಹಾಕಿತ್ತು ಎಂಬುದೂ ನೆನಪಿರಲಿ. ಮಾತ್ರೆಯ ಬದಲು ದ್ರವ ಹೈಪೋಕ್ಲೋರೈಟ್ ಬಳಸಿದರೆ ಈ ತೊಂದರೆ ಇಲ್ಲ. ಆದರೆ ಅದು ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ, ಎರಡು ವಾರಕ್ಕೆ ಬೇಕಾದಷ್ಟನ್ನೇ ತಂದು ನೆರಳಿನಲ್ಲಿಡಬೇಕು. ಪಿಎಚ್ 7.2ರಿಂದ 7.6ರೊಳಗೆ ಇದೆಯೇ ಎಂದೂ ನೋಡುತ್ತಿರಬೇಕು.

ಪೂಲಿನಲ್ಲಿ ಇನ್ನೊಂದು ಸಣ್ಣ ಭಾಗ ದೊಡ್ಡ ಬಿಲ್ಲು ಮಾಡುತ್ತದೆ. ಮರಳು ಫಿಲ್ಟರ್‌ನ ತಲೆಯ ಮೇಲಿರುವ ನೀರಿನ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವ್ ಒಳಗೆ ಜೇಡರ ಬಲೆಯಂತಹ ರಬ್ಬರ್ ಇದೆ, ಸ್ಪೈಡರ್ ಗ್ಯಾಸ್ಕೆಟ್ ಅಂತ. ಪಂಪ್ ಆಫ್ ಮಾಡದೆ ಹಿಡಿ ತಿರುಗಿಸಿದರೆ ಅದು ಹರಿದುಹೋಗುತ್ತದೆ ಅಥವಾ ಕೂತ ಜಾಗದಿಂದ ಏಳುತ್ತದೆ. ಆಮೇಲೆ ಹಿಡಿ ‘ಫಿಲ್ಟರ್’ನಲ್ಲಿದ್ದರೂ ನೀರು ಸದ್ದಿಲ್ಲದೆ ವೇಸ್ಟ್ ಪೈಪಿಗೆ ಸೋರುತ್ತಿರುತ್ತದೆ. ಆ ಪೈಪಿನ ತುದಿ ಚರಂಡಿಯೊಳಗಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಪೂಲ್ ಸೀಳಿದೆ ಅಂದುಕೊಂಡು ಟೈಲ್ಸ್ ಕೀಳಿಸುವ ಮೊದಲು ಎರಡು ಕೆಲಸ ಮಾಡಿ. ಪಂಪ್ ಓಡುವಾಗ ವೇಸ್ಟ್ ಪೈಪಿನ ತುದಿ ನೋಡಿ. ಅದು ಒಣಗಿದ್ದರೆ ಬಕೆಟ್ ಪರೀಕ್ಷೆ: ಪೂಲಿನ ಮೆಟ್ಟಿಲ ಮೇಲೆ ಒಂದು ಬಕೆಟ್ ಇಟ್ಟು, ಒಳಗೂ ಹೊರಗೂ ನೀರಿನ ಮಟ್ಟ ಒಂದೇ ಇರುವಂತೆ ತುಂಬಿ, ಗುರುತು ಹಾಕಿ, 24 ಗಂಟೆ ಬಿಡಿ. ಎರಡೂ ಸಮನಾಗಿ ಇಳಿದರೆ ಬರೀ ಆವಿ. ಪೂಲ್ ಹೆಚ್ಚು ಇಳಿದಿದ್ದರೆ ಮಾತ್ರ ಸೋರಿಕೆ.

ಲಿಫ್ಟ್‌ಗೆ ಕರ್ನಾಟಕದ 2012ರ ಲಿಫ್ಟ್ ಕಾಯ್ದೆ ಇದೆ, ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಬೇಕು. ಮನೆ ಕೊಳ್ಳುವಾಗ ಅದರ ಪ್ರತಿ ಕೇಳುವವರು ಕಡಿಮೆ. ವಾರ್ಷಿಕ ಒಪ್ಪಂದದಲ್ಲಿ ಎರಡು ಬಗೆ: ಬಿಡಿಭಾಗ ಸೇರಿದ್ದು, ಸೇರದ್ದು. ಸೇರದ ಒಪ್ಪಂದ ಅಗ್ಗವೆಂದು ಕಾಣುವುದು ಮೋಟಾರು ನಡೆಸುವ ಡ್ರೈವ್ ಕಾರ್ಡ್ ಸುಡುವವರೆಗೆ. ಬೆಂಗಳೂರಿನ ಏಪ್ರಿಲ್-ಮೇ ಗುಡುಗು ಮಳೆಯಲ್ಲಿ ಲಿಫ್ಟ್ ಮತ್ತು ವಿಆರ್‌ಎಫ್‌ನ ಬೋರ್ಡುಗಳು ಒಟ್ಟೊಟ್ಟಿಗೆ ಹೋಗುವುದುಂಟು. ಮುಖ್ಯ ಪ್ಯಾನೆಲ್‌ನಲ್ಲಿ ವಿದ್ಯುತ್ ಉಬ್ಬರ ತಡೆಯುವ ಸರ್ಜ್ ಅರೆಸ್ಟರ್ ಇಲ್ಲದಿರುವುದು, ಅರ್ಥಿಂಗ್ ಗುಂಡಿ ಒಣಗಿರುವುದು ಇದರ ಸಾಮಾನ್ಯ ಕಾರಣಗಳು. ಕರೆಂಟ್ ಹೋದಾಗ ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಸುವ ಎಆರ್‌ಡಿ ಬ್ಯಾಟರಿ ಎರಡು-ಮೂರು ವರ್ಷಕ್ಕೆ ಸಾಯುತ್ತದೆ. ಸತ್ತದ್ದು ಗೊತ್ತಾಗುವುದು ಅಜ್ಜಿ ಒಳಗೆ ಸಿಕ್ಕಿಕೊಂಡಾಗ. ತಿಂಗಳಿಗೊಮ್ಮೆ ಖಾಲಿ ಲಿಫ್ಟ್ ಓಡುವಾಗ ಮೇನ್ ಆಫ್ ಮಾಡಿ ನೋಡಿ. ಬೇಸ್‌ಮೆಂಟ್ ಇರುವ ಮನೆಯಲ್ಲಿ ಲಿಫ್ಟ್ ತಳದ ಹೊಂಡಕ್ಕೆ ಮಳೆನೀರು ಒಸರುತ್ತದೆ, ಬಫರ್ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ಮೆಕ್ಯಾನಿಕ್ ಕೈಲಿ ಒಮ್ಮೆ ಆ ಹೊಂಡ ತೆರೆಸಿ.

ಬೇಸ್‌ಮೆಂಟ್ ಬಗ್ಗೆ ನಮ್ಮ ಅಭಿಪ್ರಾಯ ಒರಟಾಗಿಯೇ ಇದೆ: ಕೆರೆ, ರಾಜಕಾಲುವೆ ಹತ್ತಿರವಿದ್ದರೆ ಬೇಡ. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರು, ಸರ್ಜಾಪುರ ರಸ್ತೆ ಕಡೆಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಕರೆತಂದದ್ದನ್ನು ಊರೇ ನೋಡಿದೆ. ಪ್ರವಾಹ ಬರದಿದ್ದರೂ ತೇವ ಬರುತ್ತದೆ. ಬಾಗಿಲು ಮುಚ್ಚಿದ ಹೋಮ್ ಥಿಯೇಟರ್‌ನ ಬಟ್ಟೆ ಹೊದಿಸಿದ ಗೋಡೆಗೆ ಒಂದು ಮಳೆಗಾಲ ಸಾಕು, ಬೂಷ್ಟು ಹಿಡಿಯುತ್ತದೆ.

ಬಡಾವಣೆಯ ಜನರೇಟರ್ ಸಾಮಾನ್ಯವಾಗಿ ಲೈಟು, ಫ್ಯಾನು, ಫ್ರಿಜ್ ಎಳೆಯುತ್ತದೆ, ಎಸಿ ಎಳೆಯುವುದಿಲ್ಲ. ಹಾಗಾಗಿ ಸ್ವಂತದ್ದೊಂದು, 62.5 ಕೆವಿಎ. ಲೀಟರ್ ಡೀಸೆಲ್‌ಗೆ ಮೂರು-ಮೂರೂವರೆ ಯೂನಿಟ್ ಬಂದರೆ ಹೆಚ್ಚು. ಡೀಸೆಲ್ 91 ರೂಪಾಯಿ ಹಿಡಿದರೆ ಯೂನಿಟ್‌ಗೆ 26ರಿಂದ 30. ಬೆಸ್ಕಾಂನ ನಾಲ್ಕು ಪಟ್ಟು. ಇದಕ್ಕಿಂತ ಕೆಟ್ಟದ್ದು ‘ವಾರಕ್ಕೊಮ್ಮೆ ಹತ್ತು ನಿಮಿಷ ಸುಮ್ಮನೆ ಓಡಿಸಿ’ ಎಂಬ ಸಲಹೆ. ಲೋಡ್ ಇಲ್ಲದೆ ಓಡಿದ ಡೀಸೆಲ್ ಎಂಜಿನ್ ಸಾಕಷ್ಟು ಬಿಸಿಯಾಗುವುದಿಲ್ಲ, ಸುಡದ ಇಂಧನ ಮಸಿಯಾಗಿ ಹೊಗೆಕೊಳವೆಯಲ್ಲಿ ಕಪ್ಪು ಎಣ್ಣೆ ಜಿನುಗುತ್ತದೆ. ತಿಂಗಳಿಗೊಮ್ಮೆ ಅರ್ಧ ಗಂಟೆ, ಎಸಿ, ಗೀಸರ್ ಎಲ್ಲ ಹಾಕಿ ಶೇ 40 ಲೋಡಿನಲ್ಲಾದರೂ ಓಡಿಸಿ. ಗಂಟೆ ಎಷ್ಟೇ ಕಡಿಮೆಯಿರಲಿ, ಎಂಜಿನ್ ಆಯಿಲ್ ವರ್ಷಕ್ಕೊಮ್ಮೆ ಬದಲಾಗಬೇಕು.

ಮಾರ್ಬಲ್ ವಿಷಯ ಬೇರೆ, ಅದು ಬಳಸಿದರೆ ಕೆಡುತ್ತದೆ. ನಿಂಬೆರಸ, ಹುಣಸೆಹಣ್ಣಿನ ನೀರು ಬಿದ್ದ ಕಡೆ ಹೊಳಪು ಸತ್ತು ಮಂಕು ಗುರುತು ಕೂರುತ್ತದೆ. ಅದು ಕಲೆಯಲ್ಲ, ಕಲ್ಲನ್ನೇ ಆಮ್ಲ ತಿಂದ ಗಾಯ, ಉಜ್ಜಿ ತೆಗೆಯಲಾಗದು. ಬಾತ್‌ರೂಮಿಗೆ ಬಳಸುವ ಆಸಿಡ್ ಬಾಟಲಿ ಮನೆಯೊಳಗೆ ಬರಲೇಬಾರದು. ದೇವರ ಕೋಣೆಯಲ್ಲಿ ದೀಪದ ಎಣ್ಣೆ, ಅರಿಶಿನ ತಪ್ಪಿಸಲಾಗದ್ದರಿಂದ ಅಲ್ಲಿಗೆ ಕಪ್ಪು ಗ್ರಾನೈಟ್ ಹಾಕಿಸುವುದು ಜಾಣತನ. ಮಾರ್ಬಲ್ಲೇ ಇದ್ದರೆ, ಎಣ್ಣೆ ಬಿದ್ದ ಕೂಡಲೇ ಅಡುಗೆ ಸೋಡಾವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಅರ್ಧ ಇಂಚು ದಪ್ಪ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಒಂದು ದಿನ ಬಿಟ್ಟು ಕೆರೆಯಿರಿ. ಎರಡು-ಮೂರು ಸಲ ಬೇಕಾಗಬಹುದು. ನಾಲ್ಕೈದು ವರ್ಷಕ್ಕೊಮ್ಮೆ ಡೈಮಂಡ್ ಪಾಲಿಶ್ ತಪ್ಪಿದ್ದಲ್ಲ. 5,000 ಚದರಡಿಗೆ 40 ರೂಪಾಯಿಯಂತೆ ಹಿಡಿದರೂ ಎರಡು ಲಕ್ಷ, ಸೋಫಾ-ಮಂಚ ಸಾಗಿಸುವ ಕೂಲಿ ಬೇರೆ.

ಆಟೊಮೇಷನ್‌ಗೆ ಒಂದೇ ಮಾತು. ಸ್ವಿಚ್ಚು, ಲೈಟು, ಎಸಿಗಳನ್ನು ಒಂದೇ ಜಾಲಕ್ಕೆ ಜೋಡಿಸುವ ಕೆಎನ್‌ಎಕ್ಸ್ ವ್ಯವಸ್ಥೆಯಾದರೆ ಅದರ ಪ್ರೋಗ್ರಾಮಿಂಗ್ ಇರುವ ಇಟಿಎಸ್ ಪ್ರಾಜೆಕ್ಟ್ ಫೈಲ್ ಪೆನ್ ಡ್ರೈವ್‌ನಲ್ಲಿ ಕೈಗೆ ಬರುವವರೆಗೆ ಕೊನೆಯ ಕಂತು ಕೊಡಬೇಡಿ. ಆ ಫೈಲ್ ಇಲ್ಲದಿದ್ದರೆ ಮುಂದೆ ಒಂದು ಸ್ವಿಚ್‌ನ ಕೆಲಸ ಬದಲಿಸಲೂ ಹಳೆಯ ಗುತ್ತಿಗೆದಾರನನ್ನೇ ಹಿಡಿಯಬೇಕು, ಇಲ್ಲವೇ ಇಡೀ ಮನೆಯ ಪ್ರೋಗ್ರಾಮಿಂಗ್ ಹೊಸದಾಗಿ ಮಾಡಿಸಬೇಕು.

ಬೀಗ ಹಾಕಿದ ಮನೆಯಲ್ಲಿ ಖರ್ಚೇ ಇಲ್ಲದೆ ಆಗುವ ಕೆಲಸವೂ ಒಂದಿದೆ. ಏಳು ಬಾತ್‌ರೂಮಿನಲ್ಲಿ ಐದು ಬಳಕೆಯಿಲ್ಲದವು. ಅವುಗಳ ನೆಲದ ಜಾಲರಿ ಕೆಳಗಿನ ಟ್ರ್ಯಾಪ್‌ನಲ್ಲಿ ನಿಂತ ನೀರು ಮೂರು-ನಾಲ್ಕು ವಾರದಲ್ಲಿ ಆರಿ, ಚರಂಡಿಯ ವಾಸನೆ, ಜಿರಲೆ ನೇರ ಮನೆಯೊಳಗೆ. ಪೈಪ್ ಒಡೆದಿದೆ ಎಂದು ಟೈಲ್ಸ್ ಒಡೆಸಿದವರಿದ್ದಾರೆ. ಪ್ರತಿ ಜಾಲರಿಗೂ ಒಂದು ಚೊಂಬು ನೀರು, ಅದರ ಮೇಲೆ ಎರಡು ಚಮಚ ಅಡುಗೆ ಎಣ್ಣೆ. ಎಣ್ಣೆಯ ಪದರ ನೀರು ಆರುವುದನ್ನು ತಡೆಯುತ್ತದೆ.

ಒಟ್ಟಾರೆ, ಆರು ಜನ ವರ್ಷವಿಡೀ ವಾಸ ಮಾಡುವ ಮನೆಗೆ ಐದಕ್ಕೆ ಮೂರೂವರೆ ಅಂಕ. ವರ್ಷಕ್ಕೆ ಮೂರು ವಾರ ಬಂದು ಹೋಗುವವರಿಗೆ ಒಂದೂವರೆ, ಅದೂ ಪೂಲ್ ಇಲ್ಲದಿದ್ದರೆ. ಅಂಥವರು ಪೂಲ್ ಜಾಗಕ್ಕೆ ಮಳೆನೀರಿನ ತೊಟ್ಟಿ ಕೇಳುವುದು ಲೇಸು. ಕೈಬದಲಾವಣೆ ಮನೆ ಕೊಳ್ಳುವವರು ಮುಂಗಡ ಕೊಡುವ ಮೊದಲೇ ಲಿಫ್ಟ್ ಪರವಾನಗಿ, ಜನರೇಟರ್‌ನ ಗಂಟೆ ಮೀಟರಿನ ಫೋಟೊ, ಪೂಲ್ ಪೈಪುಗಳ ನಕ್ಷೆ, ತಾರಸಿಯ ವಾಟರ್‌ಪ್ರೂಫಿಂಗ್ ಗ್ಯಾರಂಟಿ ಪತ್ರ ತರಿಸಿಕೊಳ್ಳಿ. ಹತ್ತು ವರ್ಷದ ಜನರೇಟರ್ ನಲವತ್ತೇ ಗಂಟೆ ಓಡಿದೆ ಎಂದು ಮಾರುವವರು ಹೆಮ್ಮೆಯಿಂದ ತೋರಿಸಿದರೆ, ಎಂಜಿನ್ ಬಿಚ್ಚಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.