ಆಫ್ರಿಕಾಕ್ಕೆ ಹೊರಟಿದ್ದೀರಾ? ಮಲೇರಿಯಾ ಮಾತ್ರೆ ಕಾರವಾರದಲ್ಲೋ, ಇರುವ ದೇಶದಲ್ಲೋ

ದುಬೈ, ಮಸ್ಕತ್‌ನಲ್ಲಿ ಕೆಲಸಕ್ಕಿರುವ ನಮ್ಮ ಕಡೆಯವರು ಟಾಂಜಾನಿಯಾ, ಉಗಾಂಡಾಕ್ಕೆ ಹೊರಡುವ ಮುಂಚೆ ಊರಿಗೊಮ್ಮೆ ಬಂದು ಹೋಗುವುದುಂಟು. ಮಲೇರಿಯಾ ಬಾರದಂತೆ ನುಂಗುವ ಮಾತ್ರೆ ಯಾವುದು, ಕೊಳ್ಳುವುದು ಎಲ್ಲಿ ಎಂಬ ಪ್ರಶ್ನೆ ಆಗಲೇ ಏಳುವುದು.

ಡಾಕ್ಸಿಸೈಕ್ಲಿನ್ ಅಗ್ಗ. ಇಲಿಜ್ವರಕ್ಕೂ ಇದನ್ನೇ ಕೊಡುವುದರಿಂದ ಕಾರವಾರ, ಕುಮಟಾದ ಮೆಡಿಕಲ್‌ಗಳಿಗೆ ಹೊಸದಲ್ಲ. ಡಾಕ್ಟರ ಚೀಟಿ ಇದ್ದರಾಯಿತು. ದಿನಕ್ಕೆ 100 ಮಿಲಿಗ್ರಾಂನ ಒಂದು. ಕಿರಿಕಿರಿ ಏನೆಂದರೆ, ವಾಪಸಾದ ಮೇಲೂ 4 ವಾರ ನುಂಗಬೇಕು. ಊಟದ ಜೊತೆ, ದೊಡ್ಡ ಲೋಟ ನೀರು ಕುಡಿದು ತೆಗೆದುಕೊಳ್ಳಿ. ನುಂಗಿದ ಕೂಡಲೇ ಅಡ್ಡಾದರೆ ಎದೆ ಉರಿದೀತು. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಗರ್ಭಿಣಿಯರಿಗೆ, 8 ವರ್ಷದೊಳಗಿನ ಮಕ್ಕಳಿಗೆ ಬೇಡ.

ಅಟೊವಾಕ್ವೋನ್-ಪ್ರೊಗ್ವಾನಿಲ್ ದುಬಾರಿ, ಆದರೆ ಮರಳಿದ ಮೇಲೆ 7 ದಿನಕ್ಕೇ ಮುಗಿಯುತ್ತದೆ. ಹತ್ತು ದಿನದ ಪ್ರವಾಸಕ್ಕಾದರೆ ನನ್ನ ಓಟು ಇದಕ್ಕೇ. ಇದನ್ನು ಊರಲ್ಲಿ ಹುಡುಕುತ್ತ ರಜೆ ಹಾಳು ಮಾಡಿಕೊಳ್ಳುವ ಬದಲು ಕೆಲಸಕ್ಕಿರುವ ದೇಶದಲ್ಲೇ ಕೊಳ್ಳಿ. ಎರಡನ್ನೂ ಹೊರಡುವ 1–2 ದಿನ ಮೊದಲು ಶುರು ಮಾಡಿದರೆ ಸಾಕು.

ವಾರಕ್ಕೊಮ್ಮೆ ನುಂಗುವ ಮೆಫ್ಲೋಕ್ವಿನ್ ಖಿನ್ನತೆ, ಮೂರ್ಛೆರೋಗ ಇದ್ದವರಿಗೆ ಸಲ್ಲ. 2 ವಾರ ಮೊದಲೇ ಶುರುವಾಗಬೇಕು. ಕ್ಲೋರೋಕ್ವಿನ್ ಮಾತ್ರೆಯನ್ನು ಆಫ್ರಿಕಾದ ಆ ದೇಶಗಳಲ್ಲಿ ನಂಬುವಂತಿಲ್ಲ.

ಸೊಳ್ಳೆಗೆ? ಸಿದ್ದಾಪುರದ ಕಡೆ ಮಂಗನ ಕಾಯಿಲೆಗೆಂದು ಹಂಚುವ ಡೆಪಾ ಎಣ್ಣೆ ಕಾಡಿನ ಉಣುಗಿಗಿರಲಿ. ಮೈಗೆ ಹಚ್ಚುವ ಸೊಳ್ಳೆ ನಿವಾರಕಗಳಲ್ಲಿ ಡೀಟ್ 30% ಪರಿಣಾಮಕಾರಿ, ಆದರೆ ಕನ್ನಡಕದ ಪ್ಲಾಸ್ಟಿಕ್ ಫ್ರೇಮನ್ನೇ ಅಂಟಂಟಾಗಿಸುತ್ತದೆ. ಪಿಕಾರಿಡಿನ್ 20% ಆ ಕಾಟವಿಲ್ಲದ್ದು, ವಾಸನೆಯೂ ಕಡಿಮೆ. ಯಾವುದೇ ಆದರೂ ಸನ್‌ಸ್ಕ್ರೀನ್ ಮೊದಲು, ಇದು ಆಮೇಲೆ. ಮುಸ್ಸಂಜೆಯಿಂದ ಬೆಳಗಿನವರೆಗೆ ಮರೆಯಬೇಡಿ.