ಲಿಬ್‌ಟಿಸಿಸಿ, ಸಿ2ಮಿರ್, ಹೊರಗಿನ ಜಿಸಿಸಿ: ಪ್ರೋಗ್ರಾಮಿನೊಳಗೆ ಕೂರಿಸಲು ಯಾವ ಸಿ ಕಂಪೈಲರ್?

ಪ್ರೋಗ್ರಾಂ ಓಡುತ್ತಿರುವಾಗಲೇ ಬಳಕೆದಾರರು ಬರೆದ ಸಿ ಕೋಡನ್ನು ಕಂಪೈಲ್ ಮಾಡಿ ಅಲ್ಲೇ ಕರೆಯಬೇಕು. ಅದು ಓಡುವ ಯಂತ್ರದಲ್ಲಿ ಕಂಪೈಲರ್ ಇಲ್ಲ, ಹೆಡರ್ ಫೈಲುಗಳೂ ಇಲ್ಲ. ನಾವು ಕೊಡುವುದು ಒಂದೇ ಬೈನರಿ. ಈ ಕೆಲಸಕ್ಕೆ ನಾಲ್ಕು ದಾರಿಗಳನ್ನು ಬಳಸಿ ನೋಡಿದ ಮೇಲೆ ನನ್ನ ಆಯ್ಕೆ ಲಿಬ್‌ಟಿಸಿಸಿ. ಸಿ2ಮಿರ್ ಎರಡನೆಯದು, ಅದೂ ಸ್ವಲ್ಪವೇ ಹಿಂದೆ. ಮಿಕ್ಕ ಎರಡು ಕಂಪೈಲರುಗಳನ್ನು, ಅಂದರೆ ಹೊರಗಿನ ಜಿಸಿಸಿ ಮತ್ತು ಕ್ಲ್ಯಾಂಗನ್ನು, ಬೇಗ ಮುಗಿಸಿಬಿಡೋಣ.

ಜಿಸಿಸಿಯನ್ನು ಹೊರಗಿನಿಂದ ಕರೆಯುವುದು ಬರೆಯಲು ತೀರ ಸುಲಭ. ಕೋಡನ್ನು ತಾತ್ಕಾಲಿಕ ಫೈಲಿಗೆ ಹಾಕಿ, -ಶೇರ್ಡ್ -ಎಫ್‌ಪಿಐಸಿ ಕೊಟ್ಟು ಶೇರ್ಡ್ ಲೈಬ್ರರಿಯಾಗಿ ಕಂಪೈಲ್ ಮಾಡಿ, ಡಿಎಲ್‌ಓಪನ್‌ನಿಂದ ಓಡುತ್ತಿರುವ ಪ್ರೋಗ್ರಾಮಿಗೆ ಸೇರಿಸಿಕೊಂಡರೆ ಮುಗಿಯಿತು. -ಓ2 ಎಂಬ ಆಪ್ಟಿಮೈಸ್ ಆಯ್ಕೆಯ ವೇಗವೂ ಸಿಗುತ್ತದೆ. ಆದರೆ ಬಳಕೆದಾರರ ಯಂತ್ರದಲ್ಲಿ ಜಿಸಿಸಿ ಇರಲೇಬೇಕು. ತಾತ್ಕಾಲಿಕ ಡೈರೆಕ್ಟರಿ ನೋಎಕ್ಸೆಕ್ (ಅಲ್ಲಿನ ಫೈಲುಗಳಿಂದ ಕೋಡ್ ಓಡಿಸಲು ಅನುಮತಿ ಇಲ್ಲ) ಆಗಿ ಮೌಂಟ್ ಆಗಿದ್ದರೆ ಡಿಎಲ್‌ಓಪನ್ ಅಲ್ಲೇ ಸೋಲುತ್ತದೆ. ಹಳೆಯದನ್ನು ಮುಚ್ಚದೆ ಅದೇ ಹೆಸರಿನ ಫೈಲನ್ನು ಮತ್ತೆ ತೆರೆದರೆ ಹಳೆಯ ಹ್ಯಾಂಡಲ್ಲೇ ವಾಪಸ್ ಬರುತ್ತದೆ. ಹಾಗಾಗಿ ಪ್ರತಿ ಸಲವೂ ಹೊಸ ಹೆಸರು ಬೇಕು.

ಕ್ಲ್ಯಾಂಗನ್ನು ಲೈಬ್ರರಿಯಾಗಿ ಸೇರಿಸಿದರೆ ಬೈನರಿ ಹತ್ತಾರು ಎಂಬಿ ಬೆಳೆಯುತ್ತದೆ, ಸಿ++ ಎಪಿಐ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ಸಣ್ಣ ಕೆಲಸಕ್ಕೆ ಅದು ಬೇಡ.

ಲಿಬ್‌ಟಿಸಿಸಿ ಎಂದರೆ ಫ್ಯಾಬ್ರಿಸ್ ಬೆಲಾರ್ಡ್ ಬರೆದ ಟೈನಿ ಸಿ ಕಂಪೈಲರಿನ (ಟಿಸಿಸಿ) ಲೈಬ್ರರಿ ರೂಪ. ಕೊನೆಯ ಅಧಿಕೃತ ಆವೃತ್ತಿ 0.9.27 ಬಂದದ್ದು 2017ರಲ್ಲಿ; ಆಮೇಲಿನ ಕೆಲಸವೆಲ್ಲ ಅದರ ಕೋಡಿನ 'ಮಾಬ್' ಎಂಬ ಶಾಖೆಯಲ್ಲಿದೆ. ಮಾಬ್‌ನ ಒಂದು ಕಮಿಟ್ಟನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಿ, ಏಕೆಂದರೆ ಎಪಿಐ ಕೂಡ ಬದಲಾಗಿದೆ: ಕಂಪೈಲ್ ಆದ ಕೋಡನ್ನು ಮೆಮೊರಿಯಲ್ಲಿ ಓಡಲು ಸಿದ್ಧ ಮಾಡುವ ಟಿಸಿಸಿ_ರೀಲೊಕೇಟ್‌ಗೆ 0.9.27ರಲ್ಲಿ ಎರಡು ಆರ್ಗ್ಯುಮೆಂಟ್, ಈಚಿನ ಕೋಡಿನಲ್ಲಿ ಒಂದೇ. ಒನ್_ಸೋರ್ಸ್ ಅನ್ನು 1 ಎಂದು ಡಿಫೈನ್ ಮಾಡಿದರೆ ಲಿಬ್‌ಟಿಸಿಸಿ.ಸಿ ಎಂಬ ಒಂದೇ ಫೈಲು ಉಳಿದೆಲ್ಲ ಫೈಲುಗಳನ್ನು ಒಳಗೆಳೆದುಕೊಳ್ಳುತ್ತದೆ. ನಮ್ಮ ಬಿಲ್ಡಿಗೆ ಸೇರುವುದು ಒಂದೇ ಆಬ್ಜೆಕ್ಟ್ ಫೈಲು.

ತೊಡಕು ಶುರುವಾಗುವುದು ಇದರ ನಂತರ, ಅದೂ ನಮ್ಮ ಯಂತ್ರದಲ್ಲಲ್ಲ. ಹೆಡರುಗಳೂ ಲಿಬ್‌ಟಿಸಿಸಿ1.ಎ ಎಂಬ ರನ್‌ಟೈಮ್ ಆರ್ಕೈವೂ (ಸಹಾಯಕ ಫಂಕ್ಷನ್ನುಗಳ ಕಟ್ಟು) ಎಲ್ಲಿವೆ ಎಂಬ ದಾರಿ ಕಾನ್ಫಿಗರ್ ಮಾಡುವಾಗಲೇ ಕೋಡಿನೊಳಗೆ ಸೇರಿಹೋಗಿರುತ್ತದೆ. ಡೆವಲಪರಿನ ಯಂತ್ರದಲ್ಲಿ ಆ ಡೈರೆಕ್ಟರಿ ಇರುವುದರಿಂದ ಎಲ್ಲವೂ ಸರಾಗ. ಬೈನರಿಯನ್ನು ಬೇರೆ ಕಡೆ ಒಯ್ದರೆ ಟಿಸಿಸಿ_ಕಂಪೈಲ್_ಸ್ಟ್ರಿಂಗ್ ಸೊನ್ನೆ ಕೊಟ್ಟು ಎಲ್ಲ ಸರಿಯಿದೆ ಎನ್ನುತ್ತದೆ, ರೀಲೊಕೇಟ್ ಮಾತ್ರ ಲಿಬ್‌ಟಿಸಿಸಿ1.ಎ ಸಿಗಲಿಲ್ಲವೆಂದು ಸೋಲುತ್ತದೆ. ಕಾರಣ, ರನ್‌ಟೈಮನ್ನು ಸೇರಿಸುವುದು ರೀಲೊಕೇಟ್ ಹಂತದಲ್ಲಿ. ಪಕ್ಕದಲ್ಲೊಂದು ಡೈರೆಕ್ಟರಿ ಇಟ್ಟು ಟಿಸಿಸಿ_ಸೆಟ್_ಲಿಬ್_ಪಾತ್‌ನಿಂದ ತೋರಿಸಬಹುದು, ಆದರೆ ಒಂದೇ ಬೈನರಿ ಎಂಬ ಗುರಿ ಅಲ್ಲಿಗೆ ಮುಗಿಯಿತು.

ಪೂರ್ತಿ ಒಳಗೆ ಸೇರಿಸುವ ದಾರಿ ಹೀಗಿದೆ. ಕಂಪೈಲರಿನ ಹೊಸ ಸ್ಟೇಟನ್ನು ಕೊಡುವ ಟಿಸಿಸಿ_ನ್ಯೂ ಆದ ಕೂಡಲೇ ಟಿಸಿಸಿ_ಸೆಟ್_ಆಪ್ಷನ್ಸ್‌ಗೆ -ನೋಎಸ್‌ಟಿಡಿಲಿಬ್ (ರನ್‌ಟೈಮ್ ಸೇರಿಸಬೇಡ) ಮತ್ತು -ನೋಎಸ್‌ಟಿಡಿಇಂಕ್ (ಸಿಸ್ಟಂ ಹೆಡರ್ ಹುಡುಕಬೇಡ) ಕೊಡಿ, ಆಮೇಲೆ ಟಿಸಿಸಿ_ಸೆಟ್_ಔಟ್‌ಪುಟ್_ಟೈಪ್. ಈ ಕ್ರಮ ತಪ್ಪಬಾರದು. ಸಿಸ್ಟಂ ಹೆಡರ್ ದಾರಿಗಳು ಸೇರುವುದು ಔಟ್‌ಪುಟ್ ಟೈಪ್ ಕರೆಯಲ್ಲೇ. ಅದಾದ ಮೇಲೆ ಆಯ್ಕೆ ಕೊಟ್ಟರೆ ಆ ದಾರಿಗಳು ಹಾಗೇ ಉಳಿಯುತ್ತವೆ.

ಈಗ ರನ್‌ಟೈಮ್ ಇಲ್ಲ. 64 ಬಿಟ್ ಎಕ್ಸ್86ನಲ್ಲಿ ಡಬಲ್‌ನಿಂದ ಅನ್‌ಸೈನ್ಡ್ ಲಾಂಗ್ ಲಾಂಗಿಗೆ ಬದಲಾಯಿಸುವ ಸಾಲೊಂದು ಬಂದರೆ ಸಾಕು, ಅದರ ಸಹಾಯಕ ಫಂಕ್ಷನ್ ಸಿಗದೆ ಲಿಂಕ್ ನಿಲ್ಲುತ್ತದೆ. ಲಿನಕ್ಸಿನಲ್ಲಿ ಎಷ್ಟು ಆರ್ಗ್ಯುಮೆಂಟ್ ಬೇಕಾದರೂ ಪಡೆಯುವ ಫಂಕ್ಷನ್ನುಗಳ ವಿಎ_ಆರ್ಗ್ ಬಳಸಿದರೂ ಅದೇ ಗತಿ. ನನಗೆ ಹಿಡಿಸಿದ ಪರಿಹಾರ: ಲಿಬ್‌ಟಿಸಿಸಿ1.ಸಿ ಮತ್ತು ವಿಎ_ಲಿಸ್ಟ್.ಸಿ ಫೈಲುಗಳ ಪಠ್ಯವನ್ನೇ ಬೈನರಿಯಲ್ಲಿ ಸ್ಟ್ರಿಂಗ್ ಆಗಿ ಇಟ್ಟು, ಬಳಕೆದಾರರ ಕೋಡಿಗಿಂತ ಮೊದಲು ಅದೇ ಸ್ಟೇಟಿನಲ್ಲಿ ಕಂಪೈಲ್ ಮಾಡುವುದು. ಒಂದು ಸ್ಟೇಟಿಗೆ ಎಷ್ಟು ಸ್ಟ್ರಿಂಗ್ ಬೇಕಾದರೂ ಕೊಡಬಹುದು, ಪ್ರತಿಯೊಂದೂ ಬೇರೆ ಫೈಲಿನಂತೆ ನಡೆಯುತ್ತದೆ. ಟಿಸಿಸಿ ಎಷ್ಟು ವೇಗವೆಂದರೆ ಈ ಹೆಚ್ಚುವರಿ ಕೆಲಸ ಗಮನಕ್ಕೂ ಬರುವುದಿಲ್ಲ. ಫೈಲನ್ನು ಎಕ್ಸ್‌ಎಕ್ಸ್‌ಡಿ -ಐ ಬಳಸಿ ಅರೇ ಮಾಡುವವರು ಕೊನೆಗೊಂದು ಸೊನ್ನೆ ಸೇರಿಸಿ. ಆ ಅರೇಗೆ ಸೊನ್ನೆಯ ಅಂತ್ಯ ಇರುವುದಿಲ್ಲ, ಕಂಪೈಲ್_ಸ್ಟ್ರಿಂಗ್ ಉದ್ದ ಅಳೆಯುವುದು ಅದರಿಂದಲೇ.

ಇಷ್ಟಾದರೂ ಮೆಮ್‌ಮೂವ್ ಸಿಗಲಿಲ್ಲ ಎಂಬ ದೋಷ ಬರುತ್ತದೆ, ಬಳಕೆದಾರರು ಆ ಹೆಸರನ್ನೇ ಬರೆಯದಿದ್ದರೂ. ಸ್ಟ್ರಕ್ಟನ್ನು ಸ್ಟ್ರಕ್ಟಿಗೆ ಅಸೈನ್ ಮಾಡಿದರೆ ಟಿಸಿಸಿ ತಾನೇ ಮೆಮ್‌ಮೂವ್ ಅಥವಾ ಮೆಮ್‌ಕಾಪಿ ಕರೆಯನ್ನು ಹಾಕುತ್ತದೆ. ಅರೇಯನ್ನು ಇನಿಷಿಯಲೈಸ್ ಮಾಡಿದರೆ ಮೆಮ್‌ಸೆಟ್. ಮೂರನ್ನೂ, ಜೊತೆಗೆ ವಿಎ_ಲಿಸ್ಟಿಗೆ ಬೇಕಾದ ಅಬಾರ್ಟನ್ನೂ, ಟಿಸಿಸಿ_ಆ್ಯಡ್_ಸಿಂಬಲ್‌ನಿಂದ ನಾವೇ ಕೊಡಬೇಕು. ಓಡುವಾಗ ಹೆಸರಿನಿಂದ ಫಂಕ್ಷನ್ ಹುಡುಕುವ ಡಿಎಲ್‌ಸಿಮ್ ಹುಡುಕಿಕೊಳ್ಳುತ್ತದೆ ಎಂದು ನಂಬಿ ಕೂರಬೇಡಿ. ಕೊಡುವ ಹೆಸರುಗಳ ಪಟ್ಟಿ ನಮ್ಮ ಕೈಯಲ್ಲಿರುವುದೇ ಒಳ್ಳೆಯದು. ಬಳಕೆದಾರರ ಕೋಡಿಗೆ ಯಾವ ಫಂಕ್ಷನ್ನುಗಳು ಕಾಣುತ್ತವೆ ಎಂಬುದು ಒಂದೇ ಕಡೆ ಗೊತ್ತಾಗುತ್ತದೆ.

ಇನ್ನು ಹೆಡರುಗಳು. ಮೆಮೊರಿಯಲ್ಲಿರುವ ಹೆಡರನ್ನು ಕೊಡಲು ಲಿಬ್‌ಟಿಸಿಸಿಯಲ್ಲಿ ಎಪಿಐ ಇಲ್ಲ. ಹೆಡರ್ ಒಂದೆರಡೇ ಇದ್ದರೆ ಅವುಗಳ ಪಠ್ಯವನ್ನು ಬಳಕೆದಾರರ ಕೋಡಿನ ಮುಂದೆ ಜೋಡಿಸಿ, ನಡುವೆ #ಲೈನ್ 1 ಎಂದು ಬರೆದರೆ ದೋಷ ಸಂದೇಶದಲ್ಲಿ ಸಾಲಿನ ಸಂಖ್ಯೆ ಸರಿಯಾಗಿ ಬರುತ್ತದೆ. #ಇನ್‌ಕ್ಲೂಡ್ ನಿಜವಾಗಿಯೇ ಬೇಕೆಂದರೆ ಟಿಸಿಸಿ_ಓಪನ್ ಫಂಕ್ಷನ್ನಿಗೆ ಹತ್ತು ಸಾಲಿನ ತಿದ್ದುಪಡಿ ಸಾಕು: ಹೆಸರು ನಮ್ಮ ಕೋಷ್ಟಕದಲ್ಲಿದ್ದರೆ ಡಿಸ್ಕಿಗೆ ಹೋಗದೆ, ಟಿಸಿಸಿ_ಓಪನ್_ಬಿಎಫ್‌ಗೆ ಪಠ್ಯದ ಉದ್ದ ಕೊಟ್ಟು, ಬಫರಿಗೆ ಪಠ್ಯವನ್ನು ನಕಲು ಮಾಡಿ, ಸೊನ್ನೆ ಹಿಂದಿರುಗಿಸುವುದು. ಕಂಪೈಲ್_ಸ್ಟ್ರಿಂಗ್ ಒಳಗೆ ಮಾಡುವುದೂ ಇದನ್ನೇ. ಕೋಷ್ಟಕಕ್ಕೆ ಕಾಲ್ಪನಿಕ ಡೈರೆಕ್ಟರಿ ಹೆಸರು ಇಡುವಾಗ ಕೋಲನ್ ಚಿಹ್ನೆ ಬೇಡ. ಯುನಿಕ್ಸಿನಲ್ಲಿ ಟಿಸಿಸಿ ದಾರಿಗಳನ್ನು ಒಡೆಯುವುದು ಅದೇ ಚಿಹ್ನೆಯಲ್ಲಿ, ಹೆಸರು ಎರಡು ತುಂಡಾಗಿ ಯಾವ ಹೆಡರೂ ಸಿಗುವುದಿಲ್ಲ. ಮಾಬ್‌ನಲ್ಲಿ ಟಿಸಿಸಿಡೆಫ್ಸ್ ಎಂಬ ಹೆಡರೂ ಬೇಕು. ಕಾನ್ಫಿಗ್_ಟಿಸಿಸಿ_ಪ್ರಿಡೆಫ್ಸ್ 1 ಆಗಿದ್ದರೆ ಅದು ಬಿಲ್ಡಿನಲ್ಲೇ ಒಳಸೇರುತ್ತದೆ, ಇಲ್ಲದಿದ್ದರೆ ಖಾಲಿ ಪ್ರೋಗ್ರಾಮೂ ಕಂಪೈಲ್ ಆಗುವುದಿಲ್ಲ.

ಇನ್ನೆರಡು ಎಚ್ಚರಿಕೆ. ಟಿಸಿಸಿ_ಡಿಲೀಟ್ ಮಾಡಿದರೆ ಟಿಸಿಸಿ ತಾನೇ ಹಂಚಿಕೊಂಡಿದ್ದ ಕೋಡ್ ಮೆಮೊರಿಯೂ ಹೋಗುತ್ತದೆ, ಫಂಕ್ಷನ್ ಪಾಯಿಂಟರ್ ಬಳಕೆಯಲ್ಲಿರುವವರೆಗೆ ಸ್ಟೇಟನ್ನು ಉಳಿಸಿ. 0.9.27ರಲ್ಲಿ ಗ್ಲೋಬಲ್ ವೇರಿಯಬಲ್‌ಗಳು ತುಂಬಿರುವುದರಿಂದ ಒಮ್ಮೆಗೆ ಒಂದೇ ಥ್ರೆಡ್ಡಿನಲ್ಲಿ ಕಂಪೈಲ್ ಮಾಡಿ; ಮಾಬ್‌ನಲ್ಲಿ ಒಳಗೇ ಲಾಕ್ ಇದೆ.

ಸಿ2ಮಿರ್ ಈ ಹೆಡರ್ ಗೋಜನ್ನು ಅರ್ಧ ತಪ್ಪಿಸುತ್ತದೆ. ವ್ಲಾದಿಮಿರ್ ಮಕಾರೊವ್ ಬರೆದ ಮಿರ್ ಯೋಜನೆಯ ಭಾಗವಿದು. ಎಸ್‌ಟಿಡಿಆರ್ಗ್, ಎಸ್‌ಟಿಡಿಡೆಫ್, ಲಿಮಿಟ್ಸ್, ಫ್ಲೋಟ್‌ನಂಥ ಹೆಡರುಗಳು ಅದರ ಕೋಡಿನಲ್ಲೇ ಸ್ಟ್ರಿಂಗ್ ಆಗಿವೆ. ಸೋರ್ಸನ್ನು ಅಕ್ಷರ ಅಕ್ಷರವಾಗಿ ಕೊಡುವ ಫಂಕ್ಷನ್ನನ್ನು ನಾವೇ ಕೊಡುತ್ತೇವೆ, ತಾತ್ಕಾಲಿಕ ಫೈಲಿನ ಮಾತೇ ಇಲ್ಲ. ಮಿರ್.ಸಿ, ಮಿರ್-ಜೆನ್.ಸಿ, ಸಿ2ಮಿರ್.ಸಿ ಎಂಬ ಮೂರು ಫೈಲು ಸೇರಿಸಿದರೆ ಬಿಲ್ಡ್ ಆಯಿತು. ಜೊತೆಗೆ ಅದರದ್ದು ನಿರ್ಬಂಧ ಕಡಿಮೆಯಿರುವ ಎಂಐಟಿ ಲೈಸೆನ್ಸ್. ಟಿಸಿಸಿಯ ಎಲ್‌ಜಿಪಿಎಲ್‌ನಲ್ಲಿ ಸ್ಟ್ಯಾಟಿಕ್ ಲಿಂಕ್ ಮಾಡಿ ಹಂಚುವವರು, ಪಡೆದವರು ಮತ್ತೆ ಲಿಂಕ್ ಮಾಡಿಕೊಳ್ಳಲು ಬೇಕಾದ ಆಬ್ಜೆಕ್ಟ್ ಫೈಲುಗಳನ್ನೋ ಸೋರ್ಸನ್ನೋ ಒದಗಿಸಬೇಕು. ಸಿ2ಮಿರ್ ಹುಟ್ಟಿಸುವ ಕೋಡೂ ಟಿಸಿಸಿಯದಕ್ಕಿಂತ ವೇಗ, ಏಕೆಂದರೆ ಟಿಸಿಸಿ ಆಪ್ಟಿಮೈಸ್ ಮಾಡುವುದೇ ಇಲ್ಲವೆನ್ನಬಹುದು.

ಹಾಗಿದ್ದೂ ಅದನ್ನು ಎರಡನೆಯದಾಗಿ ಇಟ್ಟಿದ್ದೇಕೆ? 32 ಬಿಟ್ ಪ್ರೊಸೆಸರುಗಳಿಗೆ ಅದು ಇಲ್ಲ. ಹಳೆಯ ಆರ್ಮ್ ಬೋರ್ಡುಗಳು ನನ್ನ ಕೆಲಸದಲ್ಲಿ ದಿನವೂ ಇವೆ. ವೇರಿಯಬಲ್ ಉದ್ದದ ಅರೇಗಳೂ ಅದರಲ್ಲಿ ಇಲ್ಲ. ಎಸ್‌ಟಿಡಿಐಓ ಬೇಕೆಂದರೆ ಅದೂ ಸಿಸ್ಟಂ ಹೆಡರುಗಳನ್ನೇ ಹುಡುಕುತ್ತದೆ. ನಾನು ಕಂಪೈಲ್ ಮಾಡುವ ಕೋಡು ನೂರಿನ್ನೂರು ಸಾಲಿನದು, ಸೇವ್ ಮಾಡಿದಾಗಲೆಲ್ಲ ಮತ್ತೆ ಕಂಪೈಲ್ ಆಗುವಂಥದು. ಅಲ್ಲಿ ಕೋಡಿನ ವೇಗಕ್ಕಿಂತ ಕಂಪೈಲಿನ ವೇಗ ಮುಖ್ಯ. 64 ಬಿಟ್ ಯಂತ್ರವೊಂದರಲ್ಲೇ ಗಂಟೆಗಟ್ಟಲೆ ಲೆಕ್ಕ ಹಾಕುವ ಲೂಪುಗಳಿದ್ದರೆ, ಅಥವಾ ಎಲ್‌ಜಿಪಿಎಲ್ ನಿಮಗೆ ಒಗ್ಗದಿದ್ದರೆ, ಯೋಚಿಸದೆ ಸಿ2ಮಿರ್ ಹಿಡಿಯಿರಿ.

ಯಾವುದನ್ನು ಆರಿಸಿದರೂ ಹಂಚುವ ಮೊದಲು ಸಿಸ್ಟಂ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಅಡಿಯಲ್ಲಿ ಓಡಿಸಿ, ಫೈಲು ತೆರೆಯುವ ಓಪನ್‌ಎಟ್ ಕರೆಗಳನ್ನು ನೋಡಿ. ಕಂಪೈಲ್ ನಡೆಯುವ ಹೊತ್ತಿನಲ್ಲಿ ಒಂದೇ ಒಂದು ಹೆಡರ್ ಅಥವಾ ಆರ್ಕೈವಿನ ಹೆಸರು ಕಂಡರೂ ಬೈನರಿ ಇನ್ನೂ ಸ್ವಯಂಪೂರ್ಣವಾಗಿಲ್ಲ.